ಗೃಹವಿಚಾರ: ಕುಲವೊಂದು, ಎಲೆ ನೂರು

ಈ ಶೀರ್ಷಿಕೆಯ ಕೆಳಗೆ ನಾವು ಸಾಮಾನ್ಯವಾಗಿ ಮನೆಯ ಖರ್ಚುವೆಚ್ಚ, ಮಕ್ಕಳ ಆರೋಗ್ಯ, ಹಿರಿಯರ ಶುಶ್ರೂಷೆ ಮೊದಲಾದ ವಿಷಯಗಳನ್ನು ಕುರಿತು ಬರೆಯುವ ವಾಡಿಕೆಯಷ್ಟೆ. ಈ ತಿಂಗಳು ಆಟವೊಂದನ್ನು ಕುರಿತು ಬರೆಯಲು ಹೊರಟಿರುವುದನ್ನು ಕಂಡು ವಾಚಕ ಮಹಾಶಯರಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ಆದರೆ ಮನೆಯೆಂದ ಮೇಲೆ ಮಕ್ಕಳು, ಮಕ್ಕಳೆಂದ ಮೇಲೆ ಆಟ, ಆಟವೆಂದ ಮೇಲೆ ಸೋಲುಗೆಲುವು, ಸೋಲುಗೆಲುವೆಂದ ಮೇಲೆ ಮನಸ್ತಾಪ. ಇವು ಒಂದನ್ನೊಂದು ಬಿಟ್ಟಿರುವುದಿಲ್ಲ. ಮೇಲಾಗಿ ಈ ಆಟದಿಂದ ನಮ್ಮ ಮೊಮ್ಮಗನು ಕಲಿತ ಪಾಠವನ್ನು ಎಪ್ಪತ್ತು ವರ್ಷ ದಾಟಿದ ನಾವೂ ಅವನ ಪಕ್ಕದಲ್ಲಿ ಕುಳಿತು ಕಲಿಯಬೇಕಾಯಿತು. ಆದಕಾರಣ ಇದನ್ನು ಬರೆಯುವುದು ಅನುಚಿತವಲ್ಲವೆಂದು ಭಾವಿಸಿದ್ದೇವೆ.

ಕಳೆದ ಶರತ್ಕಾಲದಲ್ಲಿ ನಾವೂ ನಮ್ಮ ಮನೆಯವರೂ ಅಮೆರಿಕಾ ದೇಶದ ಸಿಯಾಟಲ್ ನಗರದ ಸಮೀಪದಲ್ಲಿರುವ ಮಗಳ ಮನೆಗೆ ಹೋಗಿ ನಾಲ್ಕು ತಿಂಗಳು ಇದ್ದು ಬಂದೆವು. ಆ ಸೀಮೆಯಲ್ಲಿ ಆ ತಿಂಗಳುಗಳೆಲ್ಲ ಜಿಟಿಜಿಟಿ ಮಳೆ. ಹೊರಗೆ ಓಡಾಡಲು ಅನುಕೂಲವಿಲ್ಲ. ಹೀಗಿರಲು, ಹದಿನಾಲ್ಕು ವರ್ಷದ ಮೊಮ್ಮಗನು ಪ್ರತಿ ಶನಿವಾರ ಮಧ್ಯಾಹ್ನ ತನ್ನ ಮೂವರು ಸಂಗಡಿಗರನ್ನು ಕರೆದುಕೊಂಡು ಬಂದು ಊಟದ ಮೇಜಿನ ಸುತ್ತ ಕುಳಿತು, ಚಿತ್ರವಿಚಿತ್ರವಾದ ಎಲೆಗಳನ್ನು ಹರಡಿ ಸಂಜೆಯವರೆಗೂ ಆಡುತ್ತಿದ್ದನು. ಮೊದಮೊದಲು ನಮಗೆ ಅದು ಇಸ್ಪೀಟಿನ ಹೊಸ ಬಗೆಯೆಂದು ತೋರಿತು. ಒಂದೆರಡು ವಾರ ದೂರದಿಂದ ನೋಡಿ, ಮೂರನೆಯ ವಾರ ಕುರ್ಚಿಯನ್ನು ಎಳೆದುಕೊಂಡು ಹತ್ತಿರವೇ ಕುಳಿತೆವು.

ಆ ಆಟದ ಹೆಸರು ಮ್ಯಾಜಿಕ್: ದಿ ಗ್ಯಾದರಿಂಗ್. ಗಣಿತಶಾಸ್ತ್ರದಲ್ಲಿ ಪಂಡಿತರಾದ ರಿಚರ್ಡ್ ಗಾರ್ಫೀಲ್ಡ್ ಎಂಬವರು ಇದನ್ನು ಕಲ್ಪಿಸಿದರು. 1993ರಲ್ಲಿ ವಿಜರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಸಂಸ್ಥೆ ಇದನ್ನು ಪ್ರಕಟಿಸಿತು. ಆ ಸಂಸ್ಥೆಯ ಕಚೇರಿ ಇರುವುದು ಸಿಯಾಟಲಿಗೆ ಹೊಂದಿಕೊಂಡ ರೆಂಟನ್ ಎಂಬ ಊರಿನಲ್ಲಿ. ಆಟದ ಕಲ್ಪನೆ ಹೀಗಿದೆ: ಪ್ರತಿಯೊಬ್ಬ ಆಟಗಾರನೂ ಒಬ್ಬ ಮಾಂತ್ರಿಕ. ಬೆಟ್ಟ, ಕಾಡು, ಬಯಲು, ದ್ವೀಪ, ಜೌಗು ಎಂಬ ಐದು ಬಗೆಯ ಭೂಮಿಯ ಎಲೆಗಳಿಂದ ಐದು ಬಣ್ಣದ ಶಕ್ತಿ ಹುಟ್ಟುವುದು. ಅದಕ್ಕೆ ಮಾನಾ ಎಂದು ಹೆಸರು. ಆ ಶಕ್ತಿಯನ್ನು ವೆಚ್ಚಮಾಡಿ ಮಾಂತ್ರಿಕನು ಜೀವಿಗಳನ್ನು ಕರೆಯುತ್ತಾನೆ, ಮಂತ್ರಗಳನ್ನು ಪ್ರಯೋಗಿಸುತ್ತಾನೆ, ಎದುರಾಳಿಯ ಪ್ರಾಣದ ಅಂಕಗಳನ್ನು ಕಳೆಯುತ್ತಾನೆ. ಒಂದು ಸರದಿಗೆ ಒಂದು ಭೂಮಿಯನ್ನು ಮಾತ್ರ ಹೂಡಬಹುದಾದುದರಿಂದ ಸಂಪತ್ತು ಮೆಲ್ಲಮೆಲ್ಲನೆ ಬೆಳೆಯುವುದು.

ಮಕ್ಕಳು ಆಡುತ್ತಿದ್ದುದು ಈ ಆಟದ ಕಮ್ಯಾಂಡರ್ ಎಂಬ ಬಗೆ. 1990ರ ದಶಕದಲ್ಲಿ ಅಲಾಸ್ಕಾ ಪ್ರಾಂತದಲ್ಲಿ ಆಡಂ ಸ್ಟೇಲಿ ಎಂಬವರ ಗೆಳೆಯರ ಕೂಟದಲ್ಲಿ ಇದು ಹುಟ್ಟಿತು. ಆಟದ ತೀರ್ಪುಗಾರರಾಗಿದ್ದ ಶೆಲ್ಡನ್ ಮೆನರಿಯವರು ಇದನ್ನು ನಾಲ್ಕು ದಿಕ್ಕಿಗೂ ಪ್ರಚುರಪಡಿಸಿದರು. 1994ರಲ್ಲಿ ಪ್ರಕಟವಾದ ಐದು ಹಿರಿಯ ಡ್ರ್ಯಾಗನ್ನುಗಳನ್ನು ದಳಪತಿಗಳನ್ನಾಗಿ ಇಟ್ಟುಕೊಂಡು ಮೊದಲು ಆಡುತ್ತಿದ್ದರು. ಆ ಡ್ರ್ಯಾಗನ್ನುಗಳ ಬಲ ತಲಾ 7. ಒಬ್ಬನೇ ದಳಪತಿಯಿಂದ ಹೋರಾಟದಲ್ಲಿ 21 ಪೆಟ್ಟು ತಿಂದವನು ಸೋತನೆಂಬ ನಿಯಮ ಇಂದಿಗೂ ಉಳಿದಿದೆ; ಮೂರು ಏಳಲ ಇಪ್ಪತ್ತೊಂದು ತಾನೆ? ಪ್ರಕಾಶಕರು ಈ ಬಗೆಯ ಸಿದ್ಧ ಕಟ್ಟುಗಳನ್ನು 2011ರಿಂದ ತಾವೇ ಮಾರತೊಡಗಿದರು. ಮೆನರಿಯವರು 2023ರಲ್ಲಿ ತೀರಿಕೊಂಡರು. 2024ರಲ್ಲಿ ನಿಯಮಗಳ ಮೇಲ್ವಿಚಾರಣೆಯೂ ಪ್ರಕಾಶಕರ ಕೈಸೇರಿತು.

ನಿಯಮಗಳು ಕೆಲವೇ. ಒಂದು ಕಟ್ಟಿನಲ್ಲಿ ದಳಪತಿಯೂ ಸೇರಿ ಸರಿಯಾಗಿ 100 ಎಲೆಗಳಿರಬೇಕು. ಸಾಧಾರಣ ಭೂಮಿಗಳನ್ನುಳಿದು ಯಾವ ಎಲೆಯೂ ಎರಡು ಸಲ ಇರಕೂಡದು. ದಳಪತಿಯ ಬಣ್ಣಕ್ಕೆ ಹೊರತಾದ ಎಲೆಗೆ ಆ ಕಟ್ಟಿನಲ್ಲಿ ಸ್ಥಳವಿಲ್ಲ. ಪ್ರತಿಯೊಬ್ಬನಿಗೂ 40 ಪ್ರಾಣ. ದಳಪತಿಯು ಕಟ್ಟಿನ ಹೊರಗೆ ಎಲ್ಲರಿಗೂ ಕಾಣುವಂತೆ ಕುಳಿತಿರುವನು. ಸತ್ತರೂ ಆ ಪೀಠಕ್ಕೆ ಹಿಂದಿರುಗಿ ಮತ್ತೆ ಬರಬಲ್ಲನು, ಆದರೆ ಹಾಗೆ ಮರಳಿ ಬಂದಂತೆಲ್ಲ ಎರಡೆರಡು ಮಾನಾ ಹೆಚ್ಚು ತೆರಬೇಕು. ಸಾಮಾನ್ಯವಾಗಿ ನಾಲ್ವರು ಸುತ್ತ ಕುಳಿತು, ಪ್ರತಿಯೊಬ್ಬನೂ ಉಳಿದ ಮೂವರಿಗೆ ಎದುರಾಳಿಯಾಗಿ ಆಡುವರು.

ಇದನ್ನೆಲ್ಲ ಕೇಳುತ್ತಿದ್ದಾಗ ನಮಗೆ ಗಂಜೀಫಾ ನೆನಪಿಗೆ ಬಂದಿತು. ದಶಾವತಾರದ ಗಂಜೀಫಾದಲ್ಲಿ ಮತ್ಸ್ಯ, ಕೂರ್ಮ, ವರಾಹ ಮೊದಲಾಗಿ ಹತ್ತು ವರ್ಗಗಳು, ವರ್ಗಕ್ಕೊಬ್ಬ ರಾಜ, ಒಬ್ಬ ಮಂತ್ರಿ, ಹತ್ತು ಅಂಕದ ಎಲೆಗಳು, ಒಟ್ಟು 120. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರವರು ಇನ್ನೂ ದೊಡ್ಡ ದೊಡ್ಡ ಕಟ್ಟುಗಳನ್ನು ಕಲ್ಪಿಸಿ ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ವರ್ಣಿಸಿರುವರು. ಪ್ರಾಣಿಗಳ, ದೇವತೆಗಳ ಚಿತ್ರವಿರುವ ಎಲೆಗಳೇನೋ ನಮಗೆ ಹೊಸವಲ್ಲ. ಆದರೆ ಒಂದು ದೊಡ್ಡ ಭೇದವನ್ನು ಇಲ್ಲಿಯೇ ಹೇಳಿಬಿಡಬೇಕು. ಗಂಜೀಫಾ ಆಗಲಿ ಇಸ್ಪೀಟಾಗಲಿ ಇರುವುದು ಒಂದೇ ಕಟ್ಟು. ಅದನ್ನು ಕಲಸಿ ಎಲ್ಲರಿಗೂ ಹಂಚುವರು. ಬಡವನಿಗೂ ಬಲ್ಲಿದನಿಗೂ ಅದೇ ರಾಶಿಯಿಂದ ಎಲೆ. ಈ ಆಟದಲ್ಲಾದರೋ ಪ್ರತಿಯೊಬ್ಬನೂ ತನ್ನ ಕಟ್ಟನ್ನು ಮನೆಯಲ್ಲಿ ತಾನೇ ಕಟ್ಟಿಕೊಂಡು ಬರುವನು. ಆ ಭೇದದ ಫಲವೇನೆಂಬುದು ನಮಗೆ ಆಗ ಹೊಳೆಯಲಿಲ್ಲ, ಮುಂದೆ ತಿಳಿಯಿತು.

ಈಗ ಕುಲದ ಮಾತಿಗೆ ಬರುವೆವು. ಜೀವಿಯ ಎಲೆಯಲ್ಲಿ ಚಿತ್ರದ ಕೆಳಗೆ ಅದರ ಕುಲವು ಅಚ್ಚಾಗಿರುವುದು: ಎಲ್ಫ್, ಗಾಬ್ಲಿನ್, ಬೆಕ್ಕು, ಡ್ರ್ಯಾಗನ್, ಮತ್ಸ್ಯಮಾನವ ಇತ್ಯಾದಿ. ಒಂದೇ ಕುಲದ ಜೀವಿಗಳನ್ನು ಕೂಡಿಸಿ ಕಟ್ಟಿದರೆ ಅವು ಒಂದಕ್ಕೊಂದು ಬಲ ಕೊಡುವುವು. ಇದು ಆಟದ ಮೊದಲ ವರ್ಷದಿಂದಲೂ ಇರುವ ಸಂಗತಿ. 1993ರ ಎಲೆಗಳಲ್ಲಿಯೇ ಗಾಬ್ಲಿನ್ನುಗಳ ಬಲವನ್ನು ಹೆಚ್ಚಿಸುವ ಗಾಬ್ಲಿನ್ ಕಿಂಗ್, ಮತ್ಸ್ಯಮಾನವರ ಬಲವನ್ನು ಹೆಚ್ಚಿಸುವ ಲಾರ್ಡ್ ಆಫ್ ಅಟ್ಲಾಂಟಿಸ್ ಎಂಬ ಒಡೆಯರಿದ್ದರು. ಸ್ವಾರಸ್ಯವೇನೆಂದರೆ, ಮೊದಲ ಅಚ್ಚಿನಲ್ಲಿ ಆ ಒಡೆಯರು ತಾವು ಆಳುವ ಕುಲಕ್ಕೇ ಸೇರಿರಲಿಲ್ಲ. ಅವರ ಕುಲದ ಜಾಗದಲ್ಲಿ ಒಡೆಯ ಎಂಬರ್ಥದ ಪದ ಮಾತ್ರ ಇದ್ದಿತು. ಅವರನ್ನು ಕುಲಕ್ಕೆ ಸೇರಿಸಿಕೊಂಡುದು ಆಮೇಲೆ. 1997ರಲ್ಲಿ ಬಂದ ಸ್ಲಿವರ್ ಎಂಬ ಕುಲದಲ್ಲಿ ಒಂದಕ್ಕಿರುವ ಗುಣವು ಕುಲಕ್ಕೆಲ್ಲ ಬರುತ್ತಿತ್ತು. ಎದುರಾಳಿಯ ಬಳಿಯಿರುವ ಸ್ಲಿವರಿಗೂ ಬರುತ್ತಿತ್ತು. 2002ರ ಆನ್‌ಸ್ಲಾಟ್, 2007ರ ಲೋರ್ವಿನ್, 2017ರ ಇಕ್ಸಲಾನ್ ಎಂಬ ಮಾಲಿಕೆಗಳು ಕುಲಗಳನ್ನೇ ಮುಖ್ಯವಾಗಿ ಇಟ್ಟುಕೊಂಡು ಹೊರಟವು. ಲೋರ್ವಿನ್ನಿನಲ್ಲಿ ಚೇಂಜ್‌ಲಿಂಗ್ ಎಂಬ ಜೀವಿಗಳು ಬಂದವು. ಅವು ಎಲ್ಲ ಕುಲಗಳಿಗೂ ಸೇರಿದವು, ಯಾವ ಮನೆಯ ಮದುವೆಗೆ ಹೋದರೂ ನೆಂಟರೇ. ಬುಡಕಟ್ಟು ಎಂಬರ್ಥದ ಇಂಗ್ಲಿಷ್ ಪದವೊಂದು ಎಲೆಗಳ ಮೇಲೆ ಅಚ್ಚಾಗುತ್ತಿದ್ದುದನ್ನು 2023ರಲ್ಲಿ ಬಿಟ್ಟು, ಬಂಧುವರ್ಗ ಎಂಬರ್ಥದ ಪದವನ್ನು ಇಟ್ಟರು.

ನಮ್ಮ ಮೊಮ್ಮಗನು ಆರಿಸಿಕೊಂಡ ಕುಲ ಗಾಬ್ಲಿನ್. ಪಾಶ್ಚಾತ್ಯರ ಕಥೆಗಳಲ್ಲಿ ಬರುವ ಕುಳ್ಳ ದೇಹದ, ಕಿಡಿಗೇಡಿ ಬುದ್ಧಿಯ ಮರಿಪಿಶಾಚಿಗಳೆಂದು ವಾಚಕರು ತಿಳಿಯಬಹುದು. ಅವನ ದಳಪತಿ ಕ್ರೆಂಕೋ. 2012ರಲ್ಲಿ ಅಚ್ಚಾದ ಈ ಎಲೆಯ ಬೆಲೆ ನಾಲ್ಕು ಮಾನಾ. ಬಂದ ಮರುಸರದಿಯಿಂದ, ನಮ್ಮ ಬಳಿ ಎಷ್ಟು ಗಾಬ್ಲಿನ್ನುಗಳಿವೆಯೋ ಅಷ್ಟೇ ಹೊಸ ಗಾಬ್ಲಿನ್ನುಗಳನ್ನು ಈತನು ಹುಟ್ಟಿಸುವನು. ಒಂದು ಎರಡಾಗುವುದು, ಎರಡು ನಾಲ್ಕು, ನಾಲ್ಕು ಎಂಟು; ಐದನೆಯ ಸಲಕ್ಕೆ ಮೂವತ್ತೆರಡು. ಚದುರಂಗದ ಮನೆಗಳಲ್ಲಿ ಅಕ್ಕಿಕಾಳನ್ನು ಇಮ್ಮಡಿಸುತ್ತ ಹೋದ ಕಥೆಯನ್ನು ಕೇಳಿದವರಿಗೆ ಇದರ ಪರಿಣಾಮವನ್ನು ಹೇಳಬೇಕಾದುದಿಲ್ಲ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಗೆ ಕಟ್ಟು ಕಟ್ಟಿ ನೋಡು ಎಂದೂ ಸೇರಿಸಬಹುದು. ಹುಡುಗನು ಮೊದಲು ಕಟ್ಟಿದುದರಲ್ಲಿ 58 ಗಾಬ್ಲಿನ್ನುಗಳು, 30 ಭೂಮಿಗಳು, ಉಳಿದವು 11. ಕುಲದವರು ಹೆಚ್ಚಿದಷ್ಟೂ ಬಲ ಹೆಚ್ಚೆಂಬುದು ಅವನ ಎಣಿಕೆ. ಫಲವೇನಾಯಿತು? ಕೈತುಂಬ ಗಾಬ್ಲಿನ್ನುಗಳು, ಹೂಡಲು ಭೂಮಿಯಿಲ್ಲ. ನೂರ್ವರಿದ್ದ ಮಾತ್ರಕ್ಕೆ ಕೌರವರು ಗೆಲ್ಲಲಿಲ್ಲವೆಂದು ನಾವು ನಕ್ಕೆವು. ಅವನು ನಗಲಿಲ್ಲ. ಆ ರಾತ್ರಿ ಕಾಗದ ಪೆನ್ಸಿಲನ್ನು ಹಿಡಿದು ನಾವಿಬ್ಬರೂ ಲೆಕ್ಕಕ್ಕೆ ಕುಳಿತೆವು. ಮೊದಲು ಕೈಗೆ ಬರುವುದು ಏಳು ಎಲೆ; ಸರದಿಗೊಂದರಂತೆ ಐದನೆಯ ಸರದಿಗೆ ಒಟ್ಟು ಹನ್ನೆರಡು ಎಲೆಗಳನ್ನು ಕಾಣುವೆವು. 99 ಎಲೆಗಳಲ್ಲಿ 30 ಭೂಮಿಗಳಿದ್ದರೆ ಆ ಹನ್ನೆರಡರಲ್ಲಿ ಸರಾಸರಿ 3.6 ಭೂಮಿ, 37 ಇದ್ದರೆ 4.5. ಕ್ರೆಂಕೋವನ್ನು ಕರೆಯಲು ಬೇಕಾದುದು ನಾಲ್ಕು. ಒಂದು ಕಟ್ಟು ಹೊಸ್ತಿಲಿನ ಹೊರಗೆ ನಿಲ್ಲುವುದು, ಇನ್ನೊಂದು ಒಳಗೆ ಬರುವುದು. ಇದೇ ರೀತಿ, ಯಾವುದೊಂದು ಕೆಲಸಕ್ಕೆ ಐದು ಎಲೆಗಳನ್ನಿಟ್ಟರೆ ಮೊದಲ ಹತ್ತು ಎಲೆಗಳೊಳಗೆ ಒಂದಾದರೂ ಸಿಕ್ಕುವ ಸಂಭವ ನೂರಕ್ಕೆ 42. ಹತ್ತು ಎಲೆಗಳನ್ನಿಟ್ಟರೆ ನೂರಕ್ಕೆ 67.

ಈ ಲೆಕ್ಕದ ಮೇಲೆ ಅವನು ಕಟ್ಟನ್ನು ಬಿಚ್ಚಿ ಹೊಸದಾಗಿ ಕಟ್ಟಿದನು. ಭೂಮಿ 37, ಮಾನಾವನ್ನು ಬೇಗ ಹೆಚ್ಚಿಸುವ ಎಲೆ 10, ಕೈಗೆ ಹೊಸ ಎಲೆ ತರುವವು 10, ಎದುರಾಳಿಯ ಅಪಾಯಗಳನ್ನು ತೆಗೆಯುವ ಅಥವಾ ತನ್ನವರನ್ನು ಕಾಯುವ ಎಲೆ 10, ಉಳಿದ 32 ಕುಲದವರು. ಇಲ್ಲಿ ಅವನು ಕಂಡುಕೊಂಡ ಒಂದು ಸೂಕ್ಷ್ಮವನ್ನು ಹೇಳತಕ್ಕದ್ದು. ಕುಲದ ಕಟ್ಟಿನಲ್ಲಿ ಕೆಲಸಗಾರರನ್ನು ಕುಲದೊಳಗಿನಿಂದಲೇ ಆರಿಸಿದರೆ ಒಂದು ಎಲೆ ಎರಡಕ್ಕೆ ಸಮ. 2002ರ ಸ್ಕರ್ಕ್ ಪ್ರಾಸ್ಪೆಕ್ಟರ್ ಒಂದು ಗಾಬ್ಲಿನ್ನನ್ನು ಬಲಿಕೊಟ್ಟು ಒಂದು ಮಾನಾ ಕೊಡುವುದು. 1998ರ ಗಾಬ್ಲಿನ್ ಮೇಟ್ರನ್ ಎಂಬ ಯಜಮಾನಿತಿಯು ಕಟ್ಟಿನಿಂದ ಬೇಕಾದ ಗಾಬ್ಲಿನ್ನನ್ನು ಕರೆತರುವಳು. 2001ರ ಗಾಬ್ಲಿನ್ ರಿಂಗ್‌ಲೀಡರ್ ಮೇಲಿನ ನಾಲ್ಕು ಎಲೆಗಳನ್ನು ತೆರೆದು ಅದರಲ್ಲಿರುವ ಗಾಬ್ಲಿನ್ನುಗಳನ್ನೆಲ್ಲ ಕೈಗೆ ಕೊಡುವನು. ಇವರು ಕೆಲಸವನ್ನೂ ಮಾಡುವರು, ಕ್ರೆಂಕೋವಿನ ಎಣಿಕೆಗೂ ಸೇರುವರು. ಮನೆಯಲ್ಲಿ ಎಲ್ಲರೂ ಊಟಕ್ಕೆ ಕುಳಿತು ಬಡಿಸುವವರೇ ಇಲ್ಲದಿದ್ದರೆ ಹೇಗೋ, ಕೆಲಸಗಾರರಿಲ್ಲದ ಕುಲವೂ ಹಾಗೆಯೇ.

ಎರಡನೆಯ ಪಾಠವನ್ನು ಕಲಿಸಿದುದು ಪ್ರಳಯ. ರಾಥ್ ಆಫ್ ಗಾಡ್ ಎಂಬ ಎಲೆ 1993ರಿಂದಲೂ ಇರುವುದು. ನಾಲ್ಕು ಮಾನಾ ಕೊಟ್ಟು ಇದನ್ನು ಹಾಕಿದರೆ ಮೇಜಿನ ಮೇಲಿನ ಜೀವಿಗಳೆಲ್ಲ ನಾಶ. ಒಂದು ಶನಿವಾರ ಹುಡುಗನು ಕೈಯಲ್ಲಿದ್ದ ಗಾಬ್ಲಿನ್ನುಗಳನ್ನೆಲ್ಲ ಇಳಿಸಿ, ಇಪ್ಪತ್ತನ್ನು ಸಾಲಾಗಿ ನಿಲ್ಲಿಸಿ ಹಿಗ್ಗಿದನು. ಬೆಕ್ಕುಗಳ ಕಟ್ಟನ್ನು ಆಡುವ ಹುಡುಗಿ ಏನೂ ಮಾತನಾಡದೆ ಆ ಎಲೆಯನ್ನಿಟ್ಟಳು. ಅವನ ಕೈಯಲ್ಲಿ ಒಂದೆಲೆಯೂ ಉಳಿದಿರಲಿಲ್ಲ. ಗೆಲ್ಲಲು ಸಾಕಾಗುವಷ್ಟನ್ನು ಮಾತ್ರ ಹೊರಗಿಟ್ಟು ಉಳಿದುದನ್ನು ಕೈಯಲ್ಲಿಟ್ಟುಕೊಳ್ಳಬೇಕು; ಬಿತ್ತನೆಯ ಬೀಜವನ್ನು ಕುಟ್ಟಿ ಉಂಡ ರೈತನಿಗೆ ಮುಂದಿನ ಮಳೆ ಬಂದು ಫಲವೇನು? ನಾಲ್ವರ ಆಟದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಉಂಟು. ಮೂವರು ಎದುರಾಳಿಗಳ ಪ್ರಾಣ ಒಟ್ಟು 120. ಒಬ್ಬನು ಬಲಿತಂತೆ ಕಂಡರೆ ಉಳಿದ ಮೂವರೂ ಕೂಡಿ ಅವನ ಮೇಲೆ ಬೀಳುವರು. ಬಲವಿರುವುದು ಒಂದು, ಬಲವನ್ನು ಪ್ರದರ್ಶಿಸುವುದು ಇನ್ನೊಂದು.

ಇಲ್ಲಿಯವರೆಗೆ ಎಲ್ಲವೂ ಚೆನ್ನಾಗಿದ್ದಿತು. ಆದರೆ ಆ ಸೋಲು ಹುಡುಗನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಎರಡು ತಿಂಗಳ ಕೈಖರ್ಚಿನ ಹಣವನ್ನು ಕೂಡಿಟ್ಟು ಅವನು ಕೆಲವು ಎಲೆಗಳನ್ನು ತರಿಸಿದನು. ಅವುಗಳಲ್ಲಿ ಎರಡು ಮುಖ್ಯವಾದವು. ಒಂದು, 2004ರ ಕಿಕಿ-ಜಿಕಿ ಎಂಬ ಗಾಬ್ಲಿನ್; ತನ್ನ ಒಡೆಯನ ಬೇರೊಂದು ಜೀವಿಯ ಪ್ರತಿರೂಪವನ್ನು ಆ ಸರದಿಯ ಮಟ್ಟಿಗೆ ನಿರ್ಮಿಸುವುದು ಇದರ ವಿದ್ಯೆ. ಇನ್ನೊಂದು, 2012ರ ಝೆಲಸ್ ಕಾನ್‌ಸ್ಕ್ರಿಪ್ಟ್ಸ್ ಎಂಬ ಮನುಷ್ಯ ಯೋಧರ ಎಲೆ. ಇದು ಬಂದೊಡನೆ, ದಣಿದು ಅಡ್ಡಬಿದ್ದ ಎಲೆಯೊಂದನ್ನು ಮತ್ತೆ ಎಬ್ಬಿಸುವುದು. ಕಿಕಿ-ಜಿಕಿ ಯೋಧರ ಪ್ರತಿರೂಪವನ್ನು ಮಾಡುವನು; ಆ ಪ್ರತಿರೂಪ ಬಂದು ಕಿಕಿ-ಜಿಕಿಯನ್ನು ಎಬ್ಬಿಸುವುದು; ಅವನು ಮತ್ತೊಂದನ್ನು ಮಾಡುವನು. ಇದಕ್ಕೆ ಕೊನೆಯೇ ಇಲ್ಲ. ಆ ಕ್ಷಣದಲ್ಲಿಯೇ ದಾಳಿ ಮಾಡಬಲ್ಲ ಸೈನ್ಯವು ಬೇಕಾದಷ್ಟು ಹುಟ್ಟುವುದು, ಮೂವರೂ ಒಟ್ಟಿಗೆ ಸೋಲುವರು. ಮೇಟ್ರನ್ನಿನಂಥ ಹುಡುಕುವ ಎಲೆಗಳ ಸಹಾಯದಿಂದ ಅವನು ಏಳನೆಯ ಸರದಿಯ ಹೊತ್ತಿಗೆ ಈ ಜೋಡಿಯನ್ನು ಕೂಡಿಸತೊಡಗಿದನು.

ಒಂದು ಶನಿವಾರ ಎಲ್ಲರೂ ಬೆರಗಾಗಿ ನೋಡಿದರು. ಎರಡನೆಯ ಶನಿವಾರ ಯಾರೂ ಬೆರಗಾಗಲಿಲ್ಲ. ಮೂರನೆಯ ಶನಿವಾರ, ಡ್ರ್ಯಾಗನ್ನುಗಳ ಕಟ್ಟನ್ನು ಆಡುವ ಹುಡುಗನು ತನ್ನ ಎಲೆಗಳನ್ನು ಡಬ್ಬಿಗೆ ತುಂಬಿಕೊಂಡು, ಮಳೆ ನಿಲ್ಲುವುದಕ್ಕೆ ಮೊದಲೇ ಹೊರಟುಹೋದನು. ಡ್ರ್ಯಾಗನ್ನುಗಳು ದುಬಾರಿ ಜೀವಿಗಳು. ಒಂದೊಂದಕ್ಕೆ ಐದು, ಆರು, ಏಳು ಮಾನಾ ಬೇಕು. ಅವನ ದಳಪತಿಯಾದ ಅರ್-ಡ್ರ್ಯಾಗನ್ನಿಗೆ ಒಂಬತ್ತು. ಆ ಮಗುವು ಮೂರು ವಾರ ಬಂದು ಕುಳಿತು, ಮುಖ್ಯವಾದ ಒಂದು ಡ್ರ್ಯಾಗನ್ನನ್ನೂ ಹಾರಿಸದೆ ಮನೆಗೆ ಹೋಗಿದ್ದನು. ನಾಲ್ಕನೆಯ ಶನಿವಾರ ನಮ್ಮ ಮನೆಯವರು ಎಂದಿನಂತೆ ನಾಲ್ಕು ಮಕ್ಕಳಿಗೆಂದು ದೋಸೆಯ ಹಿಟ್ಟನ್ನು ಸಿದ್ಧಮಾಡಿ ಕಾದರು. ಬಂದವಳು ಬೆಕ್ಕುಗಳ ಹುಡುಗಿ ಒಬ್ಬಳೇ. ಅವಳೂ ಅರ್ಧ ಗಂಟೆ ಕುಳಿತು, ಎರಡು ದೋಸೆ ತಿಂದು, ಪಾಠವಿದೆಯೆಂದು ಹೇಳಿ ಹೋದಳು. ಹಿಟ್ಟು ಹಾಗೆಯೇ ಉಳಿಯಿತು.

ಹುಡುಗನು ಖಾಲಿ ಮೇಜಿನ ಮುಂದೆ ಕುಳಿತು ಎಲೆಗಳನ್ನು ಕಲಸುತ್ತಿದ್ದನು. ಸ್ವಲ್ಪ ಹೊತ್ತಿನ ಮೇಲೆ, "ತಾತ, ನಾನೇನು ಮೋಸ ಮಾಡಿದೆನೆ? ಎಲ್ಲವೂ ನಿಯಮದ ಪ್ರಕಾರವೇ ಇದೆಯಲ್ಲ" ಎಂದನು.

"ಮೋಸ ಮಾಡಲಿಲ್ಲ ಮಗು, ನಿಯಮದ ಪ್ರಕಾರವೇ ಗೆದ್ದೆ" ಎಂದೆವು. "ಆದರೆ ನಿನ್ನನ್ನು ಗೆಲ್ಲಿಸಿದವರು ಯಾರು? ಗಾಬ್ಲಿನ್ನುಗಳೆ?"

ಅವನು ಎಲೆಗಳನ್ನು ಕಲಸುವುದನ್ನು ನಿಲ್ಲಿಸಿದನು. ಗೆಲ್ಲಿಸಿದ ಜೋಡಿಯಲ್ಲಿ ಅರ್ಧವು ಕುಲಕ್ಕೆ ಸೇರಿದುದೇ ಅಲ್ಲ. ಕ್ರೆಂಕೋ ಪೀಠದಿಂದ ಏಳದೆ ಎಷ್ಟೋ ಆಟಗಳು ಮುಗಿದಿದ್ದವು. ಮೂವತ್ತು ಗಾಬ್ಲಿನ್ನುಗಳು ಬರಿಯ ಬೇಲಿಯಾಗಿದ್ದವು. ಕುಲದ ಮೇಲಿನ ಪ್ರೀತಿಯಿಂದ ಕಟ್ಟಿದ ಕಟ್ಟು ಯಾವಾಗ ಗೆಲುವಿನ ಯಂತ್ರವಾಯಿತೆಂಬುದು ಅವನಿಗೇ ತಿಳಿದಿರಲಿಲ್ಲ.

ಆಗ ನಮಗೆ ಗಂಜೀಫಾದ ಭೇದವು ಹೊಳೆಯಿತು. ಒಂದೇ ಕಟ್ಟಿನಿಂದ ಹಂಚುವ ಆಟದಲ್ಲಿ ನ್ಯಾಯವನ್ನು ಕಲಸುವ ಕೈ ನೋಡಿಕೊಳ್ಳುವುದು; ಆಡುವವನು ಗೆಲ್ಲಲು ಎಷ್ಟು ಹೆಣಗಿದರೂ ದೋಷವಿಲ್ಲ. ಪ್ರತಿಯೊಬ್ಬನೂ ತನ್ನ ಕಟ್ಟನ್ನು ತರುವ ಆಟದಲ್ಲಾದರೋ ನ್ಯಾಯವನ್ನು ಕಟ್ಟುವವನೇ ನೋಡಿಕೊಳ್ಳಬೇಕು, ಅದೂ ಮನೆಯಲ್ಲಿ, ಯಾರೂ ನೋಡದಿರುವಾಗ. ನೂರು ಎಲೆಗಳನ್ನು ಆರಿಸುವಾಗ ಎದುರಿಗೆ ಕುಳಿತುಕೊಳ್ಳುವ ಮೂವರ ಮುಖಗಳೂ ಕಣ್ಣಮುಂದೆ ಇರಬೇಕು. ಆಟದ ಮೇಲ್ವಿಚಾರಕರಿಗೂ ಇದು ತಿಳಿದ ಸಂಗತಿಯೇ. 2025ರ ಫೆಬ್ರವರಿಯಲ್ಲಿ ಅವರು ಕಟ್ಟುಗಳನ್ನು ಬಲದ ಪ್ರಕಾರ ಐದು ಮೆಟ್ಟಿಲುಗಳಾಗಿ ವಿಂಗಡಿಸುವ ಕ್ರಮವನ್ನು ಪ್ರಕಟಿಸಿದರು. ಎರಡೇ ಎಲೆಗಳಿಂದಾಗುವ ಕೊನೆಯಿಲ್ಲದ ಜೋಡಿಗಳಿಗೆ ಅದರ ಕೆಳಗಿನ ಎರಡು ಮೆಟ್ಟಿಲುಗಳಲ್ಲಿ ಸ್ಥಳ ಕೊಡಲಿಲ್ಲ. ಆಡುವುದಕ್ಕೆ ಮೊದಲು ಪರಸ್ಪರ ಮಾತನಾಡಿಕೊಂಡು, ಒಂದೇ ಮೆಟ್ಟಿಲಿನವರು ಒಟ್ಟಿಗೆ ಕುಳಿತುಕೊಳ್ಳಲೆಂಬುದು ಅದರ ಉದ್ದೇಶ. ಬಲವಾದ ಕಟ್ಟು ಪಾಪವಲ್ಲ. ಅಂಥದನ್ನೇ ತಂದವರೊಡನೆ ಅದನ್ನು ಆಡಿದರೆ ಸರಿ.

ಹುಡುಗನು ಆ ಎರಡು ಎಲೆಗಳನ್ನು ತೆಗೆದು ಬೇರೆ ಡಬ್ಬಿಯಲ್ಲಿಟ್ಟನು. ಅವುಗಳ ಸ್ಥಳಕ್ಕೆ ಒಬ್ಬ ಗಾಬ್ಲಿನ್ನನ್ನೂ, 1998ರ ಕೋಟ್ ಆಫ್ ಆರ್ಮ್ಸ್ ಎಂಬ ಎಲೆಯನ್ನೂ ಸೇರಿಸಿದನು. ಮೇಜಿನ ಮೇಲೆ ತನ್ನ ಕುಲದವರು ಬೇರೆ ಎಷ್ಟು ಮಂದಿಯಿದ್ದಾರೋ ಅಷ್ಟು ಬಲವನ್ನು ಪ್ರತಿಯೊಂದು ಜೀವಿಗೂ ಕೊಡುವ ಎಲೆಯಿದು. ಆದರೆ ಎದುರಾಳಿಯ ಜೀವಿಗಳಿಗೂ ಅದೇ ಭಾಗ್ಯ. ಆಮೇಲೆ ಅವನು ಸಂಗಡಿಗರ ಮನೆಗಳಿಗೆ ತಾನೇ ನಡೆದುಹೋಗಿ, ಬರಬೇಕೆಂದು ಕೇಳಿಕೊಂಡು ಬಂದನು. ಇದನ್ನು ಮಾಡೆಂದು ನಾವು ಹೇಳಿರಲಿಲ್ಲ.

ಮುಂದಿನ ವಾರ ಇಬ್ಬರು ಬಂದರು. ಡ್ರ್ಯಾಗನ್ನಿನ ಹುಡುಗನು ಬರಲಿಲ್ಲ. ಆ ದಿನ ನಮ್ಮವನು ನಾಲ್ಕು ಗಾಬ್ಲಿನ್ನುಗಳನ್ನಿಟ್ಟುಕೊಂಡು ಕೋಟ್ ಆಫ್ ಆರ್ಮ್ಸನ್ನು ಹಾಕಿದನು; ಮರುಸರದಿಗೆ ಕ್ರೆಂಕೋ ಎಲ್ಲವನ್ನೂ ಇಮ್ಮಡಿಸುವನೆಂಬ ಭರವಸೆ. ಆದರೆ ನಡುವೆ ಹುಡುಗಿಯ ಸರದಿಯಿದ್ದಿತು. ಅವಳ ಬಳಿ ಹತ್ತು ಬೆಕ್ಕುಗಳು. ಪ್ರತಿಯೊಂದಕ್ಕೂ ಒಂಬತ್ತು ಹೆಚ್ಚಾಗಿ, ಗಾಬ್ಲಿನ್ನುಗಳಿಗೆ ಒಟ್ಟು 12 ಬಲ ಬಂದರೆ ಬೆಕ್ಕುಗಳಿಗೆ 90 ಬಂದಿತು. ಅವನು ಸೋತನು. ಉಳಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ಮೊದಲು ಮುಖ ಊದಿಸಿಕೊಂಡನು; ದೋಸೆ ಬಂದ ಮೇಲೆ ತಾನೂ ನಕ್ಕನು. ಸೋಲು ಯಾರಿಗೂ ಸಿಹಿಯಲ್ಲ, ಅದನ್ನು ಸಿಹಿಯೆಂದು ಮಕ್ಕಳಿಗೆ ಹೇಳುವುದೂ ಸರಿಯಲ್ಲ.

ನಾವು ಊರಿಗೆ ಹೊರಡುವ ಹಿಂದಿನ ಶನಿವಾರ ಡ್ರ್ಯಾಗನ್ನಿನ ಹುಡುಗನು ಬಂದನು. ಬಾಗಿಲಲ್ಲಿಯೇ ನಿಂತು, "ಆ ಎರಡು ಎಲೆ ಇದೆಯೋ?" ಎಂದು ಕೇಳಿದನು. ನಮ್ಮವನು ತನ್ನ ಕಟ್ಟನ್ನೇ ಅವನ ಕೈಯಲ್ಲಿಟ್ಟು ನೋಡಿಕೊಳ್ಳೆಂದನು. ಅವನು ನೋಡದೆ ಹಿಂದಕ್ಕೆ ಕೊಟ್ಟು ಒಳಗೆ ಬಂದು ಕುಳಿತನು. ಆ ಆಟ ಎರಡು ಗಂಟೆ ನಡೆಯಿತು. ಹನ್ನೊಂದನೆಯ ಸರದಿಯಲ್ಲಿ ಒಂಬತ್ತು ಮಾನಾ ಕೂಡಿಬಂದು ಅರ್-ಡ್ರ್ಯಾಗನ್ ಮೇಜಿನ ಮೇಲೆ ಇಳಿಯಿತು. ಅದರ ಮೊದಲ ಪೆಟ್ಟು ಬಿದ್ದುದು ನಮ್ಮ ಮೊಮ್ಮಗನ ಮೇಲೆಯೇ.

ತಮ್ಮ ಮಕ್ಕಳು ಈ ಆಟದಲ್ಲಿ ತೊಡಗಿರುವ ಗೃಹಸ್ಥರಿಗೆ ಕೊನೆಯದಾಗಿ ಎರಡು ಮಾತು ಹೇಳುವೆವು. ಒಳಗೇನಿದೆಯೆಂದು ಕಾಣದ ಮುಚ್ಚಿದ ಪೊಟ್ಟಣಗಳನ್ನು ಒಂದರ ಮೇಲೊಂದು ಕೊಳ್ಳುವ ಚಪಲಕ್ಕೆ ಮಿತಿ ಹಾಕತಕ್ಕದ್ದು. ಅದರಲ್ಲಿ ಆಟಕ್ಕಿಂತ ಲಾಟರಿಯ ರುಚಿ ಹೆಚ್ಚು. ಒಂದು ಕುಲದ ಸಿದ್ಧ ಕಟ್ಟನ್ನು ತಂದು, ಕೆಲವು ತಿಂಗಳು ಅದನ್ನೇ ಆಡಿ, ಕೊರತೆ ಕಂಡಲ್ಲಿ ಬೇಕಾದ ಎಲೆಯನ್ನು ಮಾತ್ರ ಬಿಡಿಯಾಗಿ ಕೊಳ್ಳುವುದು ಉಳಿತಾಯದ ದಾರಿ. ಕೊಳ್ಳುವುದಕ್ಕೆ ಮೊದಲು ಚೀಟಿಯಲ್ಲಿ ಅದರ ಹೆಸರನ್ನು ಬರೆದು, ಸಂಗಡಿಗರ ಒಪ್ಪಿಗೆ ಪಡೆದು, ಮನೆಯಲ್ಲಿ ನಾಲ್ಕು ಸಲ ಆಡಿ ನೋಡಿದರೆ, ಅರ್ಧಕ್ಕರ್ಧ ಎಲೆಗಳು ಬೇಡವೆಂದೇ ತೋರುವುವು. ಎರಡನೆಯ ಮಾತು: ಮಗುವು ಗೆದ್ದು ಬಂದಾಗ ಎಷ್ಟು ಸಲ ಗೆದ್ದೆಯೆಂದು ಕೇಳುವುದರ ಜೊತೆಗೆ, ಮುಂದಿನ ವಾರ ಯಾರು ಯಾರು ಬರುವರೆಂದೂ ಕೇಳಿರಿ. ಆ ಪ್ರಶ್ನೆಗೆ ಉತ್ತರ ತಡವಾದರೆ ಕಟ್ಟನ್ನು ಬಿಚ್ಚಿ ನೋಡುವ ಕಾಲ ಬಂದಿದೆಯೆಂದು ತಿಳಿಯಬಹುದು.